ಡಾಲರ್ ಹುಟ್ಟಿದ ಕಣಿವೆ

ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿ ದುಡಿದದ್ದು 36 ವರ್ಷ. ಅದರಲ್ಲಿ ಕೊನೆಯ 9 ವರ್ಷ ವಿದೇಶಿ ಹಣದ ಕೌಂಟರಿನಲ್ಲಿ ಕುಳಿತಿದ್ದೆ. ಅಮೆರಿಕದಿಂದ ರಜೆಗೆ ಬಂದವರು, ಮಗನನ್ನು ಹೊರದೇಶಕ್ಕೆ ಓದಲು ಕಳಿಸುವವರು ಎಲ್ಲರೂ ನನ್ನ ಕಿಟಕಿಯ ಮುಂದೆ ಬಂದು ನಿಲ್ಲುತ್ತಿದ್ದರು. ಡಾಲರ್ ನೋಟನ್ನು ಬೆಳಕಿಗೆ ಹಿಡಿದು ನೋಡುವುದು, ಬೆರಳಿನಲ್ಲಿ ಉಜ್ಜಿ ನೋಡುವುದು, ಎಣಿಸುವುದು, ರಿಜಿಸ್ಟರಿನಲ್ಲಿ ಬರೆಯುವುದು, ಸಂಜೆ ಲೆಕ್ಕ ತಾಳೆ ಹಾಕುವುದು. ಎಷ್ಟು ಡಾಲರ್ ಎಣಿಸಿದೆನೋ ದೇವರಿಗೇ ಗೊತ್ತು. ಅದರಲ್ಲಿ ಒಂದೂ ನನ್ನದಲ್ಲ, ಆ ಮಾತು ಬೇರೆ.

ಆದರೆ ‘ಡಾಲರ್’ ಎಂಬ ಮಾತಿಗೆ ಅರ್ಥವೇನು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ನನ್ನ ಮೊಮ್ಮಗಳು. ಮಗಳು, ಅಳಿಯ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಐದನೇ ತರಗತಿ. ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಕೇಳಿದಳು, “ತಾತ, ರೂಪಾಯಿ ಅನ್ನೋದು ಬೆಳ್ಳಿ ಅನ್ನೋ ಸಂಸ್ಕೃತದ ಮಾತಿನಿಂದ ಬಂತು ಅಂತ ನೀನೇ ಹೇಳಿದ್ದೆ. ಹಾಗಾದ್ರೆ ಡಾಲರ್ ಅಂದ್ರೆ ಏನು?”

“ಅದು ಅಮೆರಿಕದವರ ದುಡ್ಡಮ್ಮ” ಎಂದೆ.

“ಅದು ಗೊತ್ತು ತಾತ. ಅರ್ಥ ಏನು?”

ಬಿ.ಕಾಂ. ಓದಿದ ತಾತನ ಬಾಯಿ ಮುಚ್ಚಿಹೋಯಿತು. ಅಡುಗೆಮನೆಯಿಂದ ನಮ್ಮ ಮನೆಯವರು ನಕ್ಕದ್ದು ಕೇಳಿಸಿತು.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಡ್ರೆಸ್ಡೆನ್ನಿಗೆ ಹೋದಾಗ ಅಳಿಯಂದಿರು ಆ ಪ್ರಶ್ನೆಯನ್ನು ಮರೆತಿರಲಿಲ್ಲ. “ಮಾವ, ನಿಮ್ಮ ಡಾಲರಿನ ತವರೂರು ಇಲ್ಲಿಂದ ಎರಡೂವರೆ ಗಂಟೆ ದಾರಿ. ಹೋಗಿಬರೋಣ” ಎಂದರು. ಅಮೆರಿಕದ ದುಡ್ಡಿಗೆ ಇಲ್ಲೆಂಥ ತವರೂರು ಎಂದುಕೊಂಡೇ ಕಾರು ಹತ್ತಿದೆ.

ಜರ್ಮನಿ ಮತ್ತು ಜೆಕ್ ದೇಶದ ನಡುವೆ ಉದ್ದಕ್ಕೂ ಒಂದು ಬೆಟ್ಟದ ಸಾಲು ಹಬ್ಬಿದೆ. ಜರ್ಮನ್ನರು ಅದನ್ನು ‘ಅದಿರಿನ ಬೆಟ್ಟ’ ಎಂದೇ ಕರೆಯುತ್ತಾರೆ. ನಮ್ಮ ಮಲೆನಾಡಿನ ಹಾಗೆ ಎತ್ತರೆತ್ತರದ ಶಿಖರಗಳಿಲ್ಲ. ಉರುಟಾದ ಗುಡ್ಡಗಳು, ಅವುಗಳ ತುಂಬ ಕಪ್ಪು ಹಸಿರಿನ ಸೂಜಿ ಎಲೆಯ ಮರಗಳು. ದಾರಿಯಲ್ಲಿ ಅನ್ನಾಬೆರ್ಗ್ ಎಂಬ ಊರು ಸಿಕ್ಕಿತು. ಅದೂ ಬೆಳ್ಳಿಯ ಗಣಿಯ ಊರೇ. ಐನೂರು ವರ್ಷಗಳ ಹಿಂದೆ ಆಡಮ್ ರೀಸ್ ಎಂಬ ಲೆಕ್ಕದ ಮೇಷ್ಟ್ರು ಅಲ್ಲಿ ಗಣಿಗಳ ಲೆಕ್ಕ ಬರೆಯುತ್ತಿದ್ದರಂತೆ. ರೋಮನ್ ಅಂಕಿಗಳಲ್ಲಿ ತಿಣುಕಾಡುತ್ತಿದ್ದ ಜರ್ಮನ್ನರಿಗೆ ನಮ್ಮ ದೇಶದಿಂದ ಅರಬರ ಮೂಲಕ ಹೋದ ಅಂಕಿಗಳಲ್ಲಿ ಕೂಡಿ ಕಳೆಯುವುದನ್ನು ಪುಸ್ತಕ ಬರೆದು ಕಲಿಸಿದವರಲ್ಲಿ ಅವರೊಬ್ಬರು. ಇವತ್ತಿಗೂ ಜರ್ಮನ್ನರು ಲೆಕ್ಕ ಸರಿಯಾಗಿದೆ ಎನ್ನಬೇಕಾದರೆ ‘ಆಡಮ್ ರೀಸನ ಪ್ರಕಾರ ಇಷ್ಟು’ ಎನ್ನುತ್ತಾರೆ. ಗುಮಾಸ್ತನೊಬ್ಬನಿಗೆ ಇಂಥ ಗೌರವ ಸಿಕ್ಕ ದೇಶ ಎಂದು ನನಗೆ ಬಹಳ ಸಂತೋಷವಾಯಿತು.

ಇನ್ನೂ ಮೇಲೆ ಹತ್ತಿ ಗಡಿ ದಾಟಿದರೆ ಬೋಝಿ ದಾರ್ ಎಂಬ ಪುಟ್ಟ ಊರು. ಹಾಗೆಂದರೆ ‘ದೇವರ ಕೊಡುಗೆ’. ಸಾವಿರ ಮೀಟರಿಗಿಂತ ಎತ್ತರದ ಜಾಗ. ಬೇಸಿಗೆಯಲ್ಲೂ ನಮ್ಮ ಮನೆಯವರು ಶಾಲು ಹೊದ್ದುಕೊಂಡರು. ಅಲ್ಲಿಂದ ರಸ್ತೆ ಇಳಿಯತೊಡಗಿತು. ಎರಡೂ ಕಡೆ ಗುಡ್ಡ ಒತ್ತಿಕೊಂಡು ಬಂದು, ನಡುವೆ ಒಂದೇ ಒಂದು ಉದ್ದನೆಯ ಬೀದಿ. ಅದೇ ಯಾಖಿಮೋವ್.

ಮೊದಲು ಕಂಡದ್ದು ಗಾರೆ ಉದುರಿದ ಮನೆಗಳು. ಮೂರು ಅಂತಸ್ತಿನ ದೊಡ್ಡ ದೊಡ್ಡ ಕಟ್ಟಡಗಳು, ಕೆಲವಕ್ಕೆ ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಕೆಲವದರ ಮಾಡಿನಲ್ಲಿ ಗಿಡ ಬೆಳೆದಿದೆ. ಅಂಥ ಹಾಳುಮನೆಯ ಬಾಗಿಲಲ್ಲೂ ಕಲ್ಲಿನ ಕೆತ್ತನೆಯ ಚೌಕಟ್ಟು! ಪಕ್ಕದ ಮನೆಗೆ ಹೊಸದಾಗಿ ಬಣ್ಣ ಬಳಿದು ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ. ಬೀದಿಯಲ್ಲಿ ಜನ ಕಾಣಲಿಲ್ಲ. ಊರಿನ ಜನಸಂಖ್ಯೆ ಈಗ ಮೂರು ಸಾವಿರಕ್ಕೂ ಕಡಿಮೆ. “ಇದೇನಾ ಡಾಲರಿನ ತವರು? ನಮ್ಮ ಅಗ್ರಹಾರವೇ ವಾಸಿ” ಎಂದರು ನಮ್ಮ ಮನೆಯವರು.

ಈಗ ಕಥೆ ಹೇಳುತ್ತೇನೆ ಕೇಳಿ ಮಕ್ಕಳೇ.

ಐನೂರು ವರ್ಷಗಳ ಹಿಂದೆ ಇಲ್ಲಿ ಊರೇ ಇರಲಿಲ್ಲವೆನ್ನಬಹುದು. ಜನ ಬಿಟ್ಟುಹೋದ ಒಂದು ಹಳ್ಳಿ, ಸುತ್ತ ಕಾಡು. ನೆಲದಲ್ಲಿ ಬೆಳ್ಳಿ ಸಿಕ್ಕಿತು ಎಂಬ ಸುದ್ದಿ ಹಬ್ಬಿದ್ದೇ ತಡ, ಬೆಟ್ಟದ ಆಚೆಯಿಂದ ಗಣಿಗಾರರು ನುಗ್ಗಿದರು. ಈ ಸೀಮೆಯ ಒಡೆಯ ಕೌಂಟ್ ಸ್ಟೀಫನ್ ಶ್ಲಿಕ್ 1516ರಲ್ಲಿ ಊರು ಕಟ್ಟಿಸಿದ. ಬೆಟ್ಟದ ಆ ಕಡೆಯ ಊರಿಗೆ ಯೇಸುವಿನ ಅಜ್ಜಿ ಸಂತ ಅನ್ನಳ ಹೆಸರಿತ್ತಲ್ಲ, ಈ ಕಡೆಯ ಊರಿಗೆ ಆಕೆಯ ಗಂಡ ಸಂತ ಯೋಹಾಕಿಮನ ಹೆಸರಿಟ್ಟರು. ಬೆಟ್ಟದ ಅತ್ತ ಅಜ್ಜಿ, ಇತ್ತ ಅಜ್ಜ. ಜರ್ಮನ್ ಭಾಷೆಯಲ್ಲಿ ‘ಟಾಲ್’ ಎಂದರೆ ಕಣಿವೆ. ಹೀಗೆ ಊರಿನ ಹೆಸರು ಯೋಹಾಕಿಮ್ಸ್‌ಟಾಲ್, ಯೋಹಾಕಿಮನ ಕಣಿವೆ. ಜೆಕ್ ಬಾಯಲ್ಲಿ ಅದೇ ಯಾಖಿಮೋವ್.

ಊರು ಬೆಳೆದ ವೇಗ ನೋಡಿ. 1516ರಲ್ಲಿ ಕಾಡು, 1534ರ ಹೊತ್ತಿಗೆ 18,000 ಜನ. ಆಗಿನ ಬೊಹೀಮಿಯ ರಾಜ್ಯದಲ್ಲಿ ಪ್ರಾಗ್ ನಗರ ಬಿಟ್ಟರೆ ಇದೇ ದೊಡ್ಡದು. ಶ್ಲಿಕ್ ಇಲ್ಲಿನ ಬೆಳ್ಳಿಯಿಂದ ಇಲ್ಲೇ ನಾಣ್ಯ ಹೊಡೆಸತೊಡಗಿದ. 1520ರಲ್ಲಿ ಅದಕ್ಕೆ ಬೊಹೀಮಿಯದ ಸಭೆಯ ಒಪ್ಪಿಗೆಯೂ ಸಿಕ್ಕಿತು. ಒಂದು ಕಡೆ ಅಜ್ಜ ಯೋಹಾಕಿಮನ ಚಿತ್ರ, ಇನ್ನೊಂದು ಕಡೆ ಬೊಹೀಮಿಯದ ಸಿಂಹ. ತೂಕ ಸುಮಾರು 29 ಗ್ರಾಂ. ಹಿರಿಯರಿಗೆ ಹಳೆಯ ಬೆಳ್ಳಿ ರೂಪಾಯಿ ನೆನಪಿರಬಹುದು. ಅದು ಒಂದು ತೊಲೆ. ಇದು ಎರಡೂವರೆ ತೊಲೆ! ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುವಂಥ ನಾಣ್ಯ. ಬೆಳ್ಳಿ ಚೊಕ್ಕಟವಾಗಿತ್ತು, ವ್ಯಾಪಾರಿಗಳು ಅದನ್ನೇ ಕೇಳಿ ಪಡೆಯತೊಡಗಿದರು.

ನಾವು ಅಂಗಡಿಯಲ್ಲಿ ‘ಇಳಕಲ್ ಕೊಡಿ’ ಎಂದರೆ ಸೀರೆ ಕೊಡುತ್ತಾರೆ, ಊರು ಕೊಡುವುದಿಲ್ಲ. ಹಾಗೆಯೇ ಯೋಹಾಕಿಮ್ಸ್‌ಟಾಲಿನ ನಾಣ್ಯಕ್ಕೆ ಜನ ‘ಯೋಹಾಕಿಮ್ಸ್‌ಟಾಲರ್’ ಎಂದರು. ಅಷ್ಟುದ್ದ ಯಾರು ಹೇಳುತ್ತಾರೆ? ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ‘ಟಾಲರ್’. ಹಾಲೆಂಡಿನವರ ಬಾಯಲ್ಲಿ ಅದು ‘ದಾಲ್ಡರ್’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಡಾಲರ್’. ಸ್ಪೇನಿನವರು ಹೊಡೆಸಿದ ದೊಡ್ಡ ಬೆಳ್ಳಿ ನಾಣ್ಯವನ್ನೂ ಇಂಗ್ಲಿಷರು ಸ್ಪೇನಿನ ಡಾಲರ್ ಎಂದೇ ಕರೆದರು. ಅಮೆರಿಕದ ಪೇಟೆಗಳಲ್ಲಿ ಓಡಾಡುತ್ತಿದ್ದದ್ದು ಅದೇ. ಹೊಸದಾಗಿ ಸ್ವತಂತ್ರವಾದ ಅಮೆರಿಕದವರು 1785ರಲ್ಲಿ ತಮ್ಮ ಹಣಕ್ಕೆ ಹೆಸರು ಆರಿಸುವಾಗ ಜನರ ಬಾಯಲ್ಲಿದ್ದ ಹೆಸರನ್ನೇ ಇಟ್ಟುಕೊಂಡರು.

ಇದೆಲ್ಲ ತಿಳಿದದ್ದು ಅಲ್ಲಿನ ಹಳೆಯ ಟಂಕಸಾಲೆಯಲ್ಲಿ. ನಾಣ್ಯ ಹೊಡೆಯುತ್ತಿದ್ದ ಆ ಕಲ್ಲಿನ ಕಟ್ಟಡವೇ ಈಗ ವಸ್ತುಸಂಗ್ರಹಾಲಯ. ಮಗಳು ಫಲಕಗಳನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಮೊಮ್ಮಗಳು ನನ್ನ ಕೈ ಜಗ್ಗಿ, “ಹಾಗಾದ್ರೆ ತಾತ, ನೀನು 9 ವರ್ಷ ಎಣಿಸಿದ್ದು ‘ಕಣಿವೆಯದು ಒಂದು, ಕಣಿವೆಯದು ಎರಡು’ ಅಂತಾನಾ?” ಎಂದಳು. ಹೌದಮ್ಮ, ಹಾಗೆಯೇ ಆಯಿತು.

ಬೆಳ್ಳಿಯ ಕಥೆ ಬೇಗ ಮುಗಿಯುತ್ತದೆ. ಶ್ಲಿಕ್ 1526ರಲ್ಲಿ ಯುದ್ಧದಲ್ಲಿ ಸತ್ತ. ಎರಡೇ ವರ್ಷದಲ್ಲಿ ದೊರೆ ಫರ್ಡಿನಾಂಡ್ ನಾಣ್ಯ ಹೊಡೆಸುವ ಹಕ್ಕನ್ನು ಅವನ ಮನೆತನದಿಂದ ಕಿತ್ತುಕೊಂಡ. ಅಗೆದಷ್ಟೂ ಆಳಕ್ಕೆ ಹೋಗಬೇಕು, ಆಳಕ್ಕೆ ಹೋದಷ್ಟೂ ನೀರು, ಖರ್ಚು. ಅಷ್ಟರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿ ಗಣಿಗಳಿಂದ ಹಡಗುಗಟ್ಟಲೆ ಬೆಳ್ಳಿ ಬಂದು ಯೂರೋಪಿನಲ್ಲಿ ಬೆಲೆ ಕುಸಿಯಿತು. ಬಂದ ವೇಗದಲ್ಲೇ ಜನ ಚದುರಿದರು. ಉಳಿದ ಹೆಂಗಸರು ಮನೆಯಲ್ಲಿ ಕುಳಿತು ಲೇಸ್ ಹೆಣೆದು ಮಾರಿದರು.

ಆ ಒಳ್ಳೆಯ ದಿನಗಳಲ್ಲಿ ಊರಿಗೊಬ್ಬ ವೈದ್ಯ ಬಂದಿದ್ದ, ಗಿಯೋರ್ಗಿಯಸ್ ಅಗ್ರಿಕೋಲ. 1527ರಿಂದ ಮೂರು ನಾಲ್ಕು ವರ್ಷ ಇಲ್ಲಿದ್ದ. ರೋಗಿಗಳನ್ನು ನೋಡಿದ ಮೇಲೆ ಸುಮ್ಮನೆ ಮನೆಗೆ ಹೋಗುವ ವೈದ್ಯನಲ್ಲ. ಗಣಿಗಾರರ ಜೊತೆ ಮಾತಾಡುವುದು, ಗಣಿಗಳಿಗೇ ಹೋಗಿ ನೋಡುವುದು, ಬರೆದಿಡುವುದು. ಅವನ ದೊಡ್ಡ ಪುಸ್ತಕ ‘ದೇ ರೇ ಮೆಟಾಲಿಕ’ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1556ರಲ್ಲಿ. ಗಣಿ ತೋಡುವುದು, ನೀರೆತ್ತುವುದು, ಅದಿರು ಕರಗಿಸುವುದು ಎಲ್ಲಕ್ಕೂ ಚಿತ್ರಗಳಿವೆ. ಬಹುಕಾಲ ಗಣಿಯವರಿಗೆ ಅದೇ ಪಠ್ಯಪುಸ್ತಕ. 1912ರಲ್ಲಿ ಅದನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದವರು ಒಬ್ಬ ಗಣಿ ಎಂಜಿನಿಯರ್ ಮತ್ತು ಅವರ ಹೆಂಡತಿ. ಆ ಎಂಜಿನಿಯರ್ ಹರ್ಬರ್ಟ್ ಹೂವರ್, ಮುಂದೆ ಅಮೆರಿಕದ ಅಧ್ಯಕ್ಷರಾದರು. ಡಾಲರಿನ ತವರಿನ ಋಣ ಹೇಗೆ ತೀರುತ್ತದೆ ನೋಡಿ.

ಅಗ್ರಿಕೋಲ ಬರೆದ ಒಂದು ಮಾತಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಗಣಿಯ ಒಣ ದೂಳು ಶ್ವಾಸಕೋಶಕ್ಕೆ ಹೋಗಿ ಅದನ್ನು ತಿನ್ನುತ್ತದೆ, ಆದ್ದರಿಂದ ಕೆಲಸಗಾರರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು, ಒಳಗೆ ಗಾಳಿ ಆಡಿಸುವ ಯಂತ್ರಗಳನ್ನಿಡಬೇಕು ಎಂಬ ಅರ್ಥದ ಮಾತು. ಐನೂರು ವರ್ಷಗಳ ಹಿಂದೆ!

ನನ್ನ ದೊಡ್ಡಪ್ಪ ನಮ್ಮ ಕಡೆಯ ಒಂದು ಗಣಿಯಲ್ಲಿ ಕೆಲಸಕ್ಕಿದ್ದರು. ಹಬ್ಬಕ್ಕೆ ಊರಿಗೆ ಬಂದಾಗ ಒಮ್ಮೆ ನನಗೊಂದು ಬಿಳಿಕಲ್ಲು ತಂದುಕೊಟ್ಟಿದ್ದರು. ಅದರಲ್ಲಿ ಹಳದಿ ಚುಕ್ಕೆಗಳು ಮಿಂಚುತ್ತಿದ್ದವು. “ಚಿನ್ನ ಅಲ್ಲ ಮಗಾ, ಚಿನ್ನದ ವೇಷ ಅಷ್ಟೆ” ಎಂದು ಅವರೇ ಹೇಳಿದ್ದರು. ರಾತ್ರಿ ಜಗಲಿಯಲ್ಲಿ ಮಲಗಿ ಬೆಳಗಿನವರೆಗೆ ಕೆಮ್ಮುತ್ತಿದ್ದರು. ‘ಅವರದು ಕಫದ ಮೈ’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಜ್ಜಿ ಶುಂಠಿ ಕಷಾಯ ಮಾಡಿಕೊಡುತ್ತಿದ್ದರು. ದೊಡ್ಡಪ್ಪ ಬೀಡಿ ಮುಟ್ಟಿದವರಲ್ಲ. ಐವತ್ತು ತುಂಬುವ ಮೊದಲೇ ಹೋದರು. ಕಲ್ಲಿನ ದೂಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನನಗೆ ನೆನಪಿಲ್ಲ.

ಇರಲಿ, ಯಾಖಿಮೋವಿಗೆ ಬರೋಣ.

ಇಲ್ಲಿನ ಗಣಿಗಾರರಿಗೂ ಒಂದು ವಿಚಿತ್ರ ಕಾಯಿಲೆ. ಗಟ್ಟಿಮುಟ್ಟಾದ ಗಂಡಸರು ಮೆತ್ತಗಾಗಿ, ಕೆಮ್ಮಿ, ಸಾಯುತ್ತಿದ್ದರು. ಅದಕ್ಕೆ ‘ಬೆಟ್ಟದ ಕಾಯಿಲೆ’ ಎಂದು ಹೆಸರಿಟ್ಟರು. ಗಣಿಯೊಳಗೆ ಕುಳ್ಳ ದೆವ್ವಗಳಿವೆ, ಕೀಟಲೆ ಮಾಡುತ್ತವೆ ಎಂಬ ನಂಬಿಕೆಯೂ ಈ ಬೆಟ್ಟದ ಜನರಲ್ಲಿತ್ತು. ಆ ದೆವ್ವದ ಜರ್ಮನ್ ಹೆಸರು ‘ಕೋಬೋಲ್ಟ್’. ಬೆಳ್ಳಿಯಂತೆ ಕಂಡು ಬೆಳ್ಳಿ ಕೊಡದ, ಸುಟ್ಟರೆ ವಿಷದ ಹೊಗೆ ಬಿಡುವ ಅದಿರಿಗೆ ಅದೇ ಹೆಸರು ಅಂಟಿತು. ನಿಮ್ಮ ವಿಜ್ಞಾನ ಪುಸ್ತಕದ ಕೋಬಾಲ್ಟ್ ಅದೇ. ಇನ್ನೊಂದು ಕಪ್ಪು ಕಲ್ಲು, ಡಾಂಬರಿನ ಹಾಗೆ ಹೊಳೆಯುವಂಥದ್ದು, ಬಹಳ ಭಾರ. ಅದು ಸಿಕ್ಕಿತೆಂದರೆ ಅಲ್ಲಿಗೆ ಬೆಳ್ಳಿ ಮುಗಿಯಿತು ಎಂದೇ ಲೆಕ್ಕ. ಅದಕ್ಕೆ ‘ಪೆಖ್‌ಬ್ಲೆಂಡೆ’ ಎಂದರು. ಜರ್ಮನ್ನಿನಲ್ಲಿ ‘ಪೆಖ್’ ಎಂದರೆ ಡಾಂಬರು, ದುರದೃಷ್ಟವೂ ಹೌದು. ಅಪಶಕುನದ ಕಲ್ಲೆಂದು ತೆಗೆದು ಪಕ್ಕಕ್ಕೆ ಎಸೆದರು.

ಆ ಎಸೆದ ಕಲ್ಲಿನದೇ ಎರಡನೆಯ ಕಥೆ.

1789ರಲ್ಲಿ ಬರ್ಲಿನ್ನಿನ ರಸಾಯನ ಶಾಸ್ತ್ರಜ್ಞ ಕ್ಲಾಪ್ರೋಟ್ ಈ ಬೆಟ್ಟಗಳ ಕಪ್ಪು ಕಲ್ಲಿನಲ್ಲಿ ಒಂದು ಹೊಸ ಧಾತು ಇರುವುದನ್ನು ಕಂಡುಕೊಂಡ. ಅದಕ್ಕೆ ಎಂಟು ವರ್ಷ ಮೊದಲು ಯುರೇನಸ್ ಗ್ರಹ ಪತ್ತೆಯಾಗಿತ್ತು. ಧಾತುವಿಗೆ ಯುರೇನಿಯಂ ಎಂದು ಹೆಸರಿಟ್ಟ. ಅದರಿಂದ ಏನು ಉಪಯೋಗ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗಾಜಿಗೆ ಬಣ್ಣ ಕೊಡಬಹುದು ಎಂದು ಆಮೇಲೆ ತಿಳಿಯಿತು. ಎಳೆ ನಿಂಬೆಹಣ್ಣಿನ ಹಾಗೆ ಹಳದಿ ಹಸಿರಿನ ಗಾಜು. ಯಾಖಿಮೋವಿನಲ್ಲೇ ಆ ಬಣ್ಣದ ಕಾರ್ಖಾನೆ ಬಂತು. ಬಣ್ಣ ತೆಗೆದ ಮೇಲೆ ಉಳಿದ ಕಂದು ಪುಡಿಯನ್ನು ಹತ್ತಿರದ ಕಾಡಿನಲ್ಲಿ ಸುರಿದರು.

1898ರಲ್ಲಿ ಪ್ಯಾರಿಸಿನಲ್ಲಿ ಮೇರಿ ಕ್ಯೂರಿ, ಪಿಯೆರ್ ಕ್ಯೂರಿ ಎಂಬ ದಂಪತಿಗಳಿಗೆ ಈ ಕಲ್ಲಿನ ಮೇಲೆ ಅನುಮಾನ ಬಂತು. ಯುರೇನಿಯಂನಿಂದ ಬರುವ ಕಿರಣಗಳಿಗಿಂತ ಈ ಕಲ್ಲಿನಿಂದ ಬರುವ ಕಿರಣಗಳೇ ಜೋರಾಗಿದ್ದವು. ಹಾಗಾದರೆ ಒಳಗೆ ಇನ್ನೇನೋ ಇರಬೇಕಲ್ಲ? ಸಾಲು ಸಾಲು ಕೂಡಿಸಿದ ಮೊತ್ತಕ್ಕಿಂತ ಪೆಟ್ಟಿಗೆಯಲ್ಲಿ ಹಣ ಹೆಚ್ಚಿದ್ದರೆ ನಾವು ಗುಮಾಸ್ತರು ಕೂಡ ಹೀಗೆಯೇ ಯೋಚಿಸುತ್ತೇವೆ. ಆದರೆ ಕಲ್ಲು ಕೊಳ್ಳಲು ಅವರ ಹತ್ತಿರ ದುಡ್ಡಿರಲಿಲ್ಲ. ಬಣ್ಣ ತೆಗೆದ ಮೇಲೆ ಎಸೆದ ಪುಡಿ ಸಾಕು ಎಂದು ಕೇಳಿದರು. ಆಗ ಯಾಖಿಮೋವ್ ಆಸ್ಟ್ರಿಯ ಸರ್ಕಾರದ್ದು. ಸರ್ಕಾರ ಒಪ್ಪಿತು. ಕಾಡಿನ ಸೂಜಿ ಎಲೆಗಳು ಬೆರೆತಿದ್ದ ಆ ಪುಡಿ ಮೂಟೆಗಳಲ್ಲಿ ಪ್ಯಾರಿಸಿಗೆ ಹೋಯಿತು. ಸೋರುವ ಒಂದು ಕೊಟ್ಟಿಗೆಯಂಥ ಜಾಗದಲ್ಲಿ ಮೇರಿ ಕ್ಯೂರಿ ಅದನ್ನು ಕುದಿಸಿ, ಕಬ್ಬಿಣದ ಸಲಾಕೆಯಲ್ಲಿ ಕಲಕಿ, ಸೋಸಿ, ಮತ್ತೆ ಕುದಿಸಿ, ನಾಲ್ಕು ವರ್ಷ ಹೆಣಗಿದರು. ಟನ್ನುಗಟ್ಟಲೆ ಪುಡಿಯಿಂದ 1902ರಲ್ಲಿ ಕೈಗೆ ಸಿಕ್ಕ ರೇಡಿಯಂ ಲವಣ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಗುಲಗಂಜಿಯೂ ತೂಗುವುದಿಲ್ಲ! ಮುಂದೆ ಆಕೆಗೆ ಎರಡು ನೊಬೆಲ್ ಬಹುಮಾನ ಬಂದವು. ಆಕೆ 1925ರಲ್ಲಿ ಈ ಊರಿಗೇ ಬಂದು ನೋಡಿಹೋದರು.

ಇನ್ನು ನೀರಿನ ಕಥೆ. ಊರಿನ ಹಳೆಯ ಗಣಿ ಸ್ವೋರ್ನೋಸ್ತ್. 1518ರಲ್ಲಿ ತೋಡಿದ್ದು. 1864ರಲ್ಲಿ ಇದರ ಆಳದಲ್ಲಿ, ನೆಲದಿಂದ ಸುಮಾರು ಅರ್ಧ ಕಿಲೋಮೀಟರ್ ಕೆಳಗೆ, ಗೋಡೆ ಒಡೆದಾಗ ಬೆಚ್ಚನೆಯ ನೀರು ನುಗ್ಗಿ ಬಂತು. ಗಣಿ ಮುಳುಗಿತು. ಶಾಪ ಎಂದುಕೊಂಡರು. ನಲವತ್ತು ವರ್ಷ ಕಳೆದ ಮೇಲೆ ಆ ನೀರಿನಲ್ಲೂ ವಿಕಿರಣ ಇದೆಯೆಂದು ತಿಳಿಯಿತು. ಯುರೇನಿಯಂ ಇರುವ ಕಲ್ಲಿನಲ್ಲಿ ರೇಡಾನ್ ಎಂಬ ಅನಿಲ ಹುಟ್ಟಿ ನೀರಿನಲ್ಲಿ ಕರಗುತ್ತದೆ. ಅದರಲ್ಲಿ ಮಿಂದರೆ ಕೀಲುನೋವು ಹೋಗುತ್ತದೆ ಎಂಬ ಮಾತು ಹಬ್ಬಿತು. 1906ರಲ್ಲಿ ಒಬ್ಬ ಬ್ರೆಡ್ ಮಾಡುವವನ ಮನೆಯಲ್ಲಿ ಮೊದಲ ಸ್ನಾನದ ತೊಟ್ಟಿಗಳನ್ನಿಟ್ಟರು. ಗಣಿಯಿಂದ ನೀರನ್ನು ಹೊತ್ತು ತರುತ್ತಿದ್ದರಂತೆ. ಆರೇ ವರ್ಷದಲ್ಲಿ, 1912ರಲ್ಲಿ, ಅರಮನೆಯಂಥ ಹೋಟೆಲ್ಲೇ ಎದ್ದಿತು. ಅದರ ಹೆಸರು ‘ರೇಡಿಯಂ ಪ್ಯಾಲೇಸ್’. ಆ ಕಾಲದಲ್ಲಿ ರೇಡಿಯಂ ಎಂದರೆ ಸಂಜೀವಿನಿ ಎಂದೇ ಜನ ನಂಬಿದ್ದರು. ಅದರ ಇನ್ನೊಂದು ಮುಖ ಆಮೇಲೆ ತಿಳಿಯಿತು. ಗಣಿಗಾರರ ಬೆಟ್ಟದ ಕಾಯಿಲೆ ಶ್ವಾಸಕೋಶದ ಕ್ಯಾನ್ಸರ್, ಅದನ್ನು ತರುತ್ತಿದ್ದದ್ದು ಗಣಿಯ ಮುಚ್ಚಿದ ಗಾಳಿಯಲ್ಲಿ ತುಂಬಿದ್ದ ಇದೇ ರೇಡಾನ್. ಮೇರಿ ಕ್ಯೂರಿ ಕೂಡ ವಿಕಿರಣದಿಂದ ರಕ್ತ ಕೆಟ್ಟೇ 1934ರಲ್ಲಿ ತೀರಿಕೊಂಡರು.

ಮುಂದಿನದು ಮಕ್ಕಳಿಗೆ ಹೇಳಲು ಕಷ್ಟವಾದ ಭಾಗ. ಆದರೂ ಹೇಳದೆ ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಊರಿನ ಜರ್ಮನ್ ಮಾತಿನ ಜನರನ್ನು ದೇಶದಿಂದ ಹೊರಗೆ ಕಳಿಸಿದರು. ಊರಿನ ಬಹುಪಾಲು ಜನ ಅವರೇ. ನಾನು ನೋಡಿದ ಹಾಳುಮನೆಗಳಿಗೆ ಬೀಗ ಬಿದ್ದದ್ದು ಆಗ. ಅಷ್ಟರಲ್ಲಿ ಅಣುಬಾಂಬ್ ಬಂದು ಯುರೇನಿಯಂ ಎಲ್ಲರಿಗೂ ಬೇಕಾಗಿತ್ತು. 1945ರ ನವೆಂಬರಿನಲ್ಲಿ ಸೋವಿಯತ್ ದೇಶ ಜೆಕೊಸ್ಲೊವಾಕಿಯದ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡಿತು. ಇಲ್ಲಿನ ಯುರೇನಿಯಂ ಅಲ್ಲಿಗೆ. ಅಗೆಯಲು ಜನ ಬೇಕಲ್ಲ? ಮೊದಲು ಯುದ್ಧ ಕೈದಿಗಳು, ಆಮೇಲೆ ತನ್ನದೇ ದೇಶದ ಕೈದಿಗಳು. 1948ರಲ್ಲಿ ಬಂದ ಕಮ್ಯುನಿಸ್ಟ್ ಸರ್ಕಾರಕ್ಕೆ ಬೇಡವಾದ ಪಾದ್ರಿಗಳು, ರೈತರು, ವಿದ್ಯಾರ್ಥಿಗಳು, ಸೈನಿಕರು, ಹತ್ತಾರು ಸಾವಿರ ಜನ ಈ ಸೀಮೆಯ ಗಣಿಗಳ ಶಿಬಿರಗಳನ್ನು ಕಂಡರು. ಶಿಬಿರಗಳಿಗೆ ಗಣಿಗಳ ಹೆಸರೇ. ಸ್ವೋರ್ನೋಸ್ತ್ ಎಂದರೆ ಒಗ್ಗಟ್ಟು. ಇನ್ನೊಂದು ರೋವ್ನೋಸ್ತ್, ಸಮಾನತೆ. ಮತ್ತೊಂದು ಬ್ರಾತ್‌ರ್ಸ್ತ್ವಿ, ಸೋದರಭಾವ. ಹೆಸರು ಬರೆದ ಫಲಕ ಓದುತ್ತ ಮಗಳ ದನಿ ಸಣ್ಣದಾಯಿತು.

ಆ ಕೈದಿಗಳಲ್ಲಿ ಐಸ್ ಹಾಕಿ ಆಟಗಾರರೂ ಇದ್ದರು. ಜೆಕೊಸ್ಲೊವಾಕಿಯದ ತಂಡ 1947ರಲ್ಲಿ, 1949ರಲ್ಲಿ ವಿಶ್ವ ಚಾಂಪಿಯನ್. 1950ರ ಮಾರ್ಚಿನಲ್ಲಿ ಲಂಡನ್ನಿನ ಪಂದ್ಯಾವಳಿಗೆ ಹೊರಟಿದ್ದ ತಂಡವನ್ನು ವಿಮಾನ ಹತ್ತದಂತೆ ತಡೆದರು. ದೇಶ ಬಿಟ್ಟು ಓಡಿಹೋಗುತ್ತಾರೆ ಎಂಬ ಅನುಮಾನ. ಆಟಗಾರರನ್ನು ಹಿಡಿದು ಶಿಕ್ಷೆ ಕೊಟ್ಟು ಯುರೇನಿಯಂ ಗಣಿಗೆ ಕಳಿಸಿದರು. ಗೋಲ್‌ಕೀಪರ್ ಬೋಹುಮಿಲ್ ಮೋದ್ರಿಗೆ 15 ವರ್ಷ. 1955ರಲ್ಲಿ ಬಿಟ್ಟರು, ಆದರೆ ಆತ 1963ರಲ್ಲೇ ತೀರಿಕೊಂಡ, ಇನ್ನೂ ಐವತ್ತಾಗಿರಲಿಲ್ಲ. ಮೊಮ್ಮಗಳಿಗೆ ಹಾಕಿ ಎಂದರೆ ಪ್ರಾಣ. “ಗೆದ್ದವರನ್ನ ಯಾಕೆ ಹಿಡಿದರು?” ಎಂದು ಎರಡು ಸಲ ಕೇಳಿದಳು. ಅವಳಪ್ಪನ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಚರ್ಚಿನ ಬಳಿ ಆ ಕೈದಿಗಳ ಸ್ಮಾರಕವಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಶಿಬಿರಗಳಿದ್ದ ಜಾಗಗಳನ್ನು ಸುತ್ತುವ ಕಾಲುದಾರಿಗೆ ‘ಯಾಖಿಮೋವಿನ ನರಕ’ ಎಂದೇ ಹೆಸರು. ನಮ್ಮ ಮಂಡಿಗಳಿಗೆ ಆ ದಾರಿ ಆಗಲಿಲ್ಲ.

1960ರ ದಶಕದಲ್ಲಿ ಯುರೇನಿಯಂ ಕೂಡ ಮುಗಿಯಿತು. ಬೆಳ್ಳಿ ಹೋಯಿತು, ಬಣ್ಣ ಹೋಯಿತು, ರೇಡಿಯಂ ಪ್ಯಾರಿಸಿಗೆ, ಯುರೇನಿಯಂ ರಷ್ಯಕ್ಕೆ. ಹೋದದ್ದೆಲ್ಲ ಖರ್ಚಿನ ಕಾಲಂ. ಜಮೆಯ ಕಾಲಂನಲ್ಲಿ ಉಳಿದದ್ದು, ಒಮ್ಮೆ ಗಣಿಯನ್ನೇ ಮುಳುಗಿಸಿದ ಆ ನೀರು. ಇದನ್ನು ಯಾರೂ ಹೊತ್ತೊಯ್ಯಲಾರರು. ಯಾಕೆ ಗೊತ್ತೇ? ರೇಡಾನ್ ನಾಲ್ಕು ದಿನ ಕಳೆಯುವಷ್ಟರಲ್ಲಿ ಅರ್ಧವಾಗುತ್ತದೆ, ಇನ್ನು ನಾಲ್ಕು ದಿನಕ್ಕೆ ಅದರಲ್ಲೂ ಅರ್ಧ. ಬಾಟಲಿಯಲ್ಲಿ ತುಂಬಿ ಅಂಗಡಿಯಲ್ಲಿಟ್ಟರೆ ಮಾಲು ತಾನೇ ಕರಗಿಹೋಗುತ್ತದೆ! ಬೇಕಾದವರು ಇಲ್ಲಿಗೇ ಬರಬೇಕು. ಐನೂರು ವರ್ಷ ದಾಟಿದ ಸ್ವೋರ್ನೋಸ್ತ್ ಗಣಿಗೆ ಈಗಲೂ ಕೆಲಸಗಾರರು ಇಳಿಯುತ್ತಾರೆ, ನೀರನ್ನು ಮೇಲಕ್ಕೆ ಕಳಿಸಲು.

ಬೀದಿಯ ಕೆಳತುದಿಯಲ್ಲಿ ಸ್ನಾನದ ಊರು. ಮೇಲಿನ ಹಾಳುಮನೆಗಳಿಗೂ ಇದಕ್ಕೂ ಸಂಬಂಧವೇ ಇಲ್ಲವೇನೋ ಎಂಬಂತೆ ಉದ್ಯಾನ, ಬೆಂಚುಗಳು, ಬೆಳ್ಳಗೆ ಹೊಳೆಯುವ ರೇಡಿಯಂ ಪ್ಯಾಲೇಸ್. ಅಲ್ಲಿ ಕಂಡವರೆಲ್ಲ ನಮ್ಮ ವಯಸ್ಸಿನವರೇ, ಕೋಲು ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ನಮ್ಮ ಮನೆಯವರಿಗೆ ಮಂಡಿನೋವು. “ನಾನೂ ಒಂದು ಸಲ ಮುಳುಗಿ ಬರ್ಲಾ?” ಎಂದರು. ಹಾಗೆಲ್ಲ ಮುಳುಗುವಂತಿಲ್ಲ. ವೈದ್ಯರು ನೋಡಿ ಚೀಟಿ ಬರೆಯಬೇಕು, ಒಂದು ಸ್ನಾನಕ್ಕೆ 20 ನಿಮಿಷ, ಹಾಗೆ ಮೂರು ವಾರವೋ ನಾಲ್ಕು ವಾರವೋ. ಇಲ್ಲಿನ ವೈದ್ಯರು ಇದನ್ನು ನಂಬುತ್ತಾರೆ, ಬೇರೆ ಎಷ್ಟೋ ದೇಶಗಳ ವೈದ್ಯರು ಒಪ್ಪುವುದಿಲ್ಲ. ಮನೆಯೊಳಗೆ ಸೇರಿಕೊಳ್ಳುವ ಇದೇ ರೇಡಾನ್ ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಎಂದು ಅವರ ವಾದ. ಬೆಂಚಿನಲ್ಲಿದ್ದ ಒಬ್ಬ ಜೆಕ್ ಅಜ್ಜಿಯನ್ನು ಮಗಳು ಜರ್ಮನ್ನಿನಲ್ಲಿ ಮಾತಾಡಿಸಿದಳು. ಆಕೆ ಬರುತ್ತಿರುವುದು ಏಳನೆಯ ಸಲವಂತೆ. “ನೋವು ಹೋಗುತ್ತದೆಯೇ?” ಎಂದರೆ, “ಬೇಸಿಗೆಯವರೆಗೆ ಹೋಗುತ್ತದೆ” ಎಂದು ನಕ್ಕರು. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ಮಂಡಿ ತೋರಿಸಿದರು, ಆಕೆ ತಮ್ಮ ಮಂಡಿ ತೋರಿಸಿದರು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಇಲ್ಲಿನ ಒಂದು ಬುಗ್ಗೆಗೆ ಬೆಹೌನೆಕ್ ಎಂಬ ವಿಜ್ಞಾನಿಯ ಹೆಸರು. ಮೇರಿ ಕ್ಯೂರಿಯ ಶಿಷ್ಯ. 1928ರಲ್ಲಿ ಉತ್ತರ ಧ್ರುವಕ್ಕೆ ಹೋದ ‘ಇಟಾಲಿಯ’ ಎಂಬ ಗಾಳಿಹಡಗು ಮಂಜಿನ ಮೇಲೆ ಬಿದ್ದಾಗ, ಒಂದೂವರೆ ತಿಂಗಳು ಡೇರೆಯಲ್ಲಿ ಬದುಕುಳಿದವರಲ್ಲಿ ಅವರೊಬ್ಬರು. ಆಮೇಲೆ ಮಕ್ಕಳಿಗಾಗಿ ಸಾಹಸದ ಕಥೆಗಳನ್ನೂ ಬರೆದರು. ಈ ಬೆಟ್ಟಗಳ ಗಣಿ ಊರುಗಳು 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆ ಮೇಲಿನ ಮನೆಗಳಿಗೆ ಗಾರೆ ಬೀಳಬಹುದೆಂದು ಕಾಣುತ್ತದೆ.

ಬೆಂಗಳೂರಿಗೆ ಮರಳಿದ ಮೇಲೆ ಅಟ್ಟದ ಮೇಲಿನ ಟ್ರಂಕ್ ತೆಗೆಸಿದೆ. ಅಮ್ಮನ ಕುಂಕುಮದ ಭರಣಿ, ನನ್ನ ಹಳೆಯ ಅಂಕಪಟ್ಟಿಗಳ ಕೆಳಗೆ ದೊಡ್ಡಪ್ಪನ ಬಿಳಿಕಲ್ಲು ಇತ್ತು. ಒರೆಸಿ, ಭಾನುವಾರದ ಕರೆಯಲ್ಲಿ ಮೊಮ್ಮಗಳಿಗೆ ತೋರಿಸಿದೆ. ಕ್ಯಾಮೆರಾದ ಹತ್ತಿರ ಹಿಡಿ, ಇನ್ನೂ ಹತ್ತಿರ ಎಂದಳು. ಚುಕ್ಕೆಗಳು ಮಿಂಚಿದವು. “ಇದನ್ನ ಕೊಟ್ಟ ದೊಡ್ಡಪ್ಪನ ಹೆಸರೇನು ತಾತ?” ಎಂದಳು. ಆ ಹೆಸರನ್ನು ಜೋರಾಗಿ ಹೇಳಿ ಎಷ್ಟೋ ವರ್ಷವಾಗಿತ್ತು. ಹೇಳಿದೆ. ಅವಳು ಕನ್ನಡದಲ್ಲಿ, ಅಕ್ಷರ ಅಕ್ಷರ ಕೇಳಿಕೊಂಡು, ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.